ಗೋಡೆಗೆ ಕಾಲು ಕೊಟ್ಟವರು

ಬಟ್ಟೆ ಅಂತ ಯಾವುದು ಕೈಗೆ ಸಿಕ್ಕರೂ ಅದನ್ನು ಎರಡು ಬೆರಳ ನಡುವೆ ಹಿಡಿದು ಉಜ್ಜಿ ನೋಡದೆ ಬಿಡುವವಳಲ್ಲ ಲಾಂಡ್ರಿಯಕ್ಕ. ಹೋಟೆಲಿಗೆ ಹೋದರೆ ಮೇಜಿನ ಹಾಸು, ಬಸ್ಸು ಹತ್ತಿದರೆ ಸೀಟಿನ ಹೊದಿಕೆ, ಎದುರಿಗೆ ನಿಂತು ಮಾತಾಡುವವರ ಅಂಗಿಯ ತೋಳು, ಯಾವುದಕ್ಕೂ ಅವಳಿಂದ ಬಿಡುಗಡೆಯಿಲ್ಲ. ಹಾಗಾಗಿ ಆಸ್ಪತ್ರೆಯ ಮೂರನೆಯ ಮಹಡಿಯಲ್ಲಿ ಹೆಂಗಸರ ಡಾಕ್ಟರಮ್ಮ ಡ್ರಾಯರಿನಿಂದ ಅಂಗೈಯಗಲದ ಬಿಳಿ ಜಾಲರಿಯೊಂದನ್ನು ತೆಗೆದು ಕೊಟ್ಟಾಗ, ಅದು ತನ್ನ ಹೊಟ್ಟೆಯೊಳಗೆ ಹೋಗಲಿರುವ ವಸ್ತು ಎಂಬುದನ್ನೂ ಮರೆತು ಅವಳು ಅದನ್ನು ಉಜ್ಜಿದಳು, ಎಳೆದಳು, ಕಿಟಕಿಯ ಬೆಳಕಿಗೆ ಹಿಡಿದಳು. ಸೊಳ್ಳೆಪರದೆಗಿಂತ ಒರಟು, ಟೀ ಸೋಸುವ ಜರಡಿಗಿಂತ ಮೆದು.

"ಇದನ್ನ ಎಷ್ಟು ಸಲ ಒಗೀಬಹುದು?" ಅಂತ ಕೇಳಿದಳು.

"ಒಂದ್ಸಲನೂ ಇಲ್ಲ," ಎಂದರು ಡಾಕ್ಟರಮ್ಮ. "ಒಳಗೆ ಹೋದ್ರೆ ಹೋಯ್ತು. ನಿಮ್ಮ ಮಾಂಸನೇ ಈ ತೂತುಗಳಲ್ಲಿ ಬೆಳ್ಕೊಂಡು ಇದನ್ನ ಹಿಡ್ಕೊಳ್ಳುತ್ತೆ."

"ಬಣ್ಣ ಬಿಡಲ್ಲ ತಾನೇ?"

ಡಾಕ್ಟರಮ್ಮ ನಕ್ಕರು. ಲಾಂಡ್ರಿಯಕ್ಕನೂ ನಕ್ಕಳು, ಆದರೆ ಹುಷಾರಾಗಿ ನಕ್ಕಳು. ಜೋರಾಗಿ ನಗುವುದು, ಕೆಮ್ಮುವುದು, ಸೀನುವುದು ಈಗ ಅವಳ ಪಾಲಿಗೆ ಲೆಕ್ಕಾಚಾರದ ಕೆಲಸಗಳಾಗಿದ್ದವು.

ಅವಳದು ಅದೇ ಆಸ್ಪತ್ರೆಯ ನೆಲಮಾಳಿಗೆಯ ಲಾಂಡ್ರಿಯಲ್ಲಿ ಕೆಲಸ. ಅಮ್ಮನ ಕಾಲದಿಂದಲೂ ಅಲ್ಲೇ. ಹಾಸಿಗೆಯ ಶೀಟು, ದಿಂಬಿನ ಚೀಲ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ಎಲ್ಲ ಅವಳ ಕೈ ದಾಟಿಯೇ ಮೇಲೆ ಹೋಗಬೇಕು. ದೊಡ್ಡ ಡಾಕ್ಟರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರ ಬಾಯಲ್ಲೂ ಅವಳು ಲಾಂಡ್ರಿಯಕ್ಕ. ನಿವೃತ್ತಿಗೆ ಇನ್ನೇನು ಸ್ವಲ್ಪ ದಿನ ಬಾಕಿ ಇರುವಾಗ ಅವಳ ಗರ್ಭಕೋಶ ಜಾರಿತ್ತು. ಒಳಗೆ ತನ್ನ ಜಾಗದಲ್ಲಿರಬೇಕಾದದ್ದು ಕಟ್ಟು ಸಡಿಲವಾಗಿ ಕೆಳಗಿಳಿದು, ಸಂಜೆಯ ಹೊತ್ತಿಗೆ ಹೊರಗೇ ಇಣುಕುತ್ತಿತ್ತು. ಮೂತ್ರಚೀಲವೂ ಅದರ ಹಿಂದೆಯೇ ಹೊರಟು ನಿಂತಿತ್ತು. ಮೊದಲು ರಬ್ಬರ್ ರಿಂಗು ಹಾಕಿ ನೋಡಿದರು. ಒದ್ದೆ ಬಟ್ಟೆಯ ಒಂದು ಗಂಟು ಎತ್ತಿದ್ದೇ ತಡ, ರಿಂಗು ಕಳಚಿ ಬಿತ್ತು. ಮತ್ತೆ ಹಾಕಿದರು, ಮತ್ತೆ ಬಿತ್ತು. ರಿಂಗಿಗೂ ಸಾಕಾಯಿತು, ಅವಳಿಗೂ ಸಾಕಾಯಿತು.

ಡಾಕ್ಟರಮ್ಮ ಹಾಳೆಯ ಮೇಲೆ ಚಿತ್ರ ಬರೆದರು. "ಹೊಟ್ಟೆ ಮೇಲೆ ಸಣ್ಣ ಸಣ್ಣ ತೂತು ಮಾಡಿ ಒಳಗೆ ಹೋಗ್ತೀವಿ. ಜಾರಿರೋ ಭಾಗಕ್ಕೆ ಈ ಮೆಶ್ ಪಟ್ಟಿ ಹೊಲಿದು, ಇನ್ನೊಂದು ತುದೀನ ಮೇಲೆ ಎಳೆದು ಬೆನ್ನುಮೂಳೆ ಬುಡಕ್ಕೆ ಕಟ್ತೀವಿ."

"ಹಗ್ಗಕ್ಕೆ ಬಟ್ಟೆ ಹಾಕಿದ ಹಾಗೆ."

"ಹಾಗೇ ಅಂದ್ಕೊಳ್ಳಿ. ಆದ್ರೆ ಒಂದು ಮಾತು ಮುಚ್ಚಿಡಲ್ಲ. ಕೆಲವರಿಗೆ ಈ ಮೆಶ್ ಒಳಗೇ ಉಜ್ಜಿ ಉಜ್ಜಿ ಒಂದು ಕಡೆ ಹೊರಗೆ ಕಾಣಿಸ್ಕೊಳ್ಳುತ್ತೆ. ನೋವು ಬರುತ್ತೆ, ಇನ್ನೊಂದು ಆಪರೇಷನ್ ಬೇಕಾಗುತ್ತೆ, ಪೂರ್ತಿ ತೆಗೆಯೋದೂ ಸುಲಭ ಇಲ್ಲ. ಹಿಂದೆ ಕೆಳಗಿನ ದಾರಿಯಿಂದ ಹಾಕ್ತಿದ್ದರಲ್ಲ, ಅದ್ರಿಂದ ಎಷ್ಟೋ ಹೆಂಗಸರು ತುಂಬ ನರಳಿದಾರೆ. ಅದನ್ನ ನಾನು ಮಾಡೋದೇ ಇಲ್ಲ. ಇದು ಹೊಟ್ಟೆಯಿಂದ ಹಾಕೋದು, ಅಪಾಯ ಕಮ್ಮಿ. ಇಲ್ಲ ಅಂತ ಮಾತ್ರ ಹೇಳಲ್ಲ."

ಲಾಂಡ್ರಿಯಕ್ಕ ತಲೆದೂಗಿದಳು. ಅಪಾಯದ ಮಾತಿಗೆ ಅವಳು ಹೆದರಲಿಲ್ಲ. ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡುವವರಿಗಿಂತ ಹೀಗೆ ಇದ್ದದ್ದನ್ನು ಇದ್ದ ಹಾಗೆ ಹೇಳುವವರೇ ಅವಳಿಗೆ ಇಷ್ಟ. ಎಲ್ಲ ಸರಿಯಾಗಿಯೇ ಇತ್ತು, ಡಾಕ್ಟರಮ್ಮ ಕೊನೆಯ ಮಾತು ಹೇಳುವವರೆಗೆ.

"ಆಮೇಲೆ ಮೂರು ತಿಂಗಳು ಏನೂ ಎತ್ತೋ ಹಾಗಿಲ್ಲ. ಅದಾದ ಮೇಲೂ ಭಾರದ್ದು ಬೇಡವೇ ಬೇಡ."

"ಲಾಂಡ್ರೀಲಿ ಈಗ ಟ್ರಾಲಿ ಇದೆ, ಬಿಡಿ."

"ಮನೇಲೂ ಅಷ್ಟೇ. ನೀರಿನ ಬಕೆಟ್ಟು, ಮಕ್ಕಳು..."

"ಮೊಮ್ಮಗಳನ್ನೂ?"

"ಮೊಮ್ಮಗಳನ್ನೂ."

ಲಾಂಡ್ರಿಯಕ್ಕ ಜಾಲರಿಯನ್ನು ನೀಟಾಗಿ ನಾಲ್ಕಾಗಿ ಮಡಚಿ ಮೇಜಿನ ಮೇಲಿಟ್ಟು ಎದ್ದು ನಿಂತಳು. "ಹಾಗಾದ್ರೆ ಬೇಡ ಡಾಕ್ಟರಮ್ಮ," ಎಂದು, ಅವರು ಬಾಯಿ ತೆರೆಯುವ ಮೊದಲೇ ಬಾಗಿಲು ದಾಟಿದಳು. ಹೊರಗೆ ಬೆಂಚಿನ ಮೇಲೆ ಕಾದಿದ್ದ ಮಗಳು ಹಿಂದಿನಿಂದ ಕೂಗುತ್ತಿದ್ದರೂ ತಿರುಗಿ ನೋಡಲಿಲ್ಲ.

ಇದೇನು ಹುಚ್ಚು ಅಂತ ಯಾರಿಗಾದರೂ ಅನಿಸುತ್ತದೆ. ಅವಳ ಮಗಳಿಗೂ ಅನಿಸಿತು. ಆದರೆ ಆ ಹುಚ್ಚಿಗೆ ಐವತ್ತು ವರ್ಷ ದಾಟಿತ್ತು, ಅದನ್ನು ಹಾಗೆ ಸುಲಭವಾಗಿ ಬಿಟ್ಟುಕೊಡಲು ಬರುವುದಿಲ್ಲ.

ಲಾಂಡ್ರಿಯಕ್ಕನ ಅಮ್ಮ ಅವಳನ್ನು ಎತ್ತಿಕೊಳ್ಳುತ್ತಿರಲಿಲ್ಲ. ಅಮ್ಮನಿಗೆ ಶಕ್ತಿ ಇರಲಿಲ್ಲವೆಂದಲ್ಲ. ಬಾಯ್ಲರಿನಿಂದ ಕುದಿಯುತ್ತ ಬಂದ ಶೀಟುಗಳನ್ನು ಕೋಲಿನಿಂದ ಎತ್ತಿ, ಹಿಂಡಿ, ನೀರು ಸೋರುವ ಗಂಟನ್ನು ಸೊಂಟಕ್ಕೆ ಆನಿಸಿಕೊಂಡು ಮೆಟ್ಟಿಲು ಹತ್ತಿ ಅಂಗಳದ ಹಗ್ಗದವರೆಗೆ ಹೊರುವವಳು ಅವಳು. ದಿನವಿಡೀ ಅದೇ. ಅಷ್ಟು ದೊಡ್ಡ ಗಂಟಿಗೆ ಜಾಗವಿದ್ದ ಆ ಸೊಂಟದಲ್ಲಿ ಒಂದು ಸಣಕಲು ಹುಡುಗಿಗೆ ಜಾಗವಿರಲಿಲ್ಲ. ಶಾಲೆ ಮುಗಿಸಿ ಓಡಿ ಬಂದು ಎರಡೂ ಕೈ ಮೇಲೆತ್ತಿ ನಿಂತರೆ ಅಮ್ಮ ತಲೆ ಸವರಿ, "ನೀನೀಗ ದೊಡ್ಡವಳಾದೆ," ಅನ್ನುವಳು. ಐದು ವರ್ಷದವಳಿಗೆ! ಪಕ್ಕದ ಮನೆಯ ಹುಡುಗಿ ಅವಳಿಗಿಂತ ಒಂದು ತರಗತಿ ಮೇಲಿದ್ದಳು, ಅವಳ ಅಮ್ಮ ಅವಳನ್ನು ಇನ್ನೂ ಸೊಂಟದಿಂದ ಇಳಿಸಿರಲಿಲ್ಲ. ಅದನ್ನು ನೋಡಿ ನೋಡಿ ಹೊಟ್ಟೆ ಉರಿಯುತ್ತಿತ್ತು. ಅಮ್ಮನಿಗೆ ತನಗಿಂತ ಆಸ್ಪತ್ರೆಯ ಶೀಟುಗಳೇ ಹೆಚ್ಚು ಅಂತ ಅವಳು ಎಷ್ಟೋ ಸಲ ಮುಸುಕು ಹಾಕಿಕೊಂಡು ಅತ್ತಿದ್ದಳು.

ಅಮ್ಮ ಒಂದೇ ಒಂದು ಸಲ ಎತ್ತಿಕೊಂಡಿದ್ದಳು. ಶಾಲೆಯ ಹಿಂದಿನ ಗೋಡೆ ಹಾರುವಾಗ ಅಂಗಾಲಿಗೆ ಗಾಜು ಹೊಕ್ಕು ರಕ್ತ ಹರಿದಿತ್ತು. ಸುದ್ದಿ ಮುಟ್ಟಿ ಅಮ್ಮ ಒದ್ದೆ ಏಪ್ರನ್ನಿನಲ್ಲೇ ಓಡಿ ಬಂದಳು, ಒಂದು ಮಾತೂ ಆಡದೆ ಬಾಚಿ ಎತ್ತಿಕೊಂಡಳು. ಶಾಲೆಯಿಂದ ಆಸ್ಪತ್ರೆಯವರೆಗೆ ಪೂರ್ತಿ ದಾರಿ. ಚಪ್ಪಲಿ ಹೊಲಿಯುವವನ ಅಂಗಡಿ, ಬ್ರೆಡ್ಡಿನ ಅಂಗಡಿಯ ಬಿಸಿ ವಾಸನೆ, ಸೇತುವೆ, ಸೇತುವೆಯ ಮೇಲೆ ನಿಂತು ನೋಡಿದ ಜನ. ಅವಳು ಅಮ್ಮನ ಕತ್ತು ತಬ್ಬಿ ಮುಖ ಹುದುಗಿಸಿದ್ದಳು. ಸೋಪು, ಹಬೆ, ಬೆವರು ಸೇರಿದ ವಾಸನೆ. ಅಮ್ಮನ ಉಸಿರು ಕಿವಿಯ ಹತ್ತಿರವೇ ಹುಸ್ ಹುಸ್ ಅನ್ನುತ್ತಿತ್ತು, ಆ ಸದ್ದಿಗೇ ಅವಳಿಗೆ ನಿದ್ದೆ ಎಳೆದಿತ್ತು. ಕಾಲಿನ ನೋವು ಎಲ್ಲಿ ಹೋಯಿತೋ ಏನೋ. ಜೀವಮಾನದಲ್ಲಿ ಅಂಥ ಸುಖ ಆಮೇಲೆ ಸಿಗಲಿಲ್ಲ ಅಂತಲೇ ಲಾಂಡ್ರಿಯಕ್ಕ ಹೇಳುತ್ತಾಳೆ, ನಿವೃತ್ತ ಬಸ್ ಡ್ರೈವರ್ ಗಂಡ ಪಕ್ಕದಲ್ಲೇ ಕೂತಿದ್ದರೂ ಹೇಳುತ್ತಾಳೆ. ಆ ಪುಣ್ಯಾತ್ಮ ಹೂಂಗುಟ್ಟುತ್ತಾನೆ.

ಅಲ್ಲಿಂದಾಚೆ ಅಮ್ಮ ಮತ್ತೆ ಎತ್ತಿಕೊಳ್ಳಲಿಲ್ಲ. ಇನ್ನೊಮ್ಮೆ ಗಾಜು ಚುಚ್ಚಲಿ ಅಂತ ಹುಡುಗಿ ಆ ಗೋಡೆಯನ್ನು ಎಷ್ಟು ಸಲ ಹಾರಿದಳೋ, ಹಾಳು ಗಾಜು ಒಂದು ಸಲವೂ ಸಿಗಲಿಲ್ಲ.

ಆಗಲೇ ಅವಳು ಮನಸ್ಸಿನಲ್ಲಿ ಗಂಟು ಹಾಕಿಕೊಂಡಿದ್ದು: ನನ್ನ ಮುಂದೆ ಕೈ ಎತ್ತಿ ನಿಂತ ಮಗುವಿಗೆ ನಾನು ಇಲ್ಲ ಅನ್ನುವುದಿಲ್ಲ. ಮಗಳಿಗೆ ಅನ್ನಲಿಲ್ಲ. ವಾರ್ಡಿನಲ್ಲಿ ಅಳುವ ಕಂಡವರ ಮಕ್ಕಳಿಗೂ ಅನ್ನಲಿಲ್ಲ. ಈಗ ಮಗಳ ಮಗಳು, ನಾಲ್ಕು ವರ್ಷದ ಚಿನಕುರುಳಿ, ಅಜ್ಜಿ ಮನೆಯಲ್ಲಿರುವಷ್ಟು ಹೊತ್ತೂ ಅವಳ ಸೊಂಟದ ಮೇಲೆಯೇ ಬಿಡಾರ ಹೂಡಿತ್ತು. ಅಡುಗೆಮನೆಯ ಕಿಟಕಿಯಾಚೆ ಪಾರಿವಾಳ ಬಂದರೆ ಎತ್ತು, ಗಡಿಯಾರ ನೋಡಬೇಕೆಂದರೆ ಎತ್ತು, ಏನೂ ಇಲ್ಲದಿದ್ದರೆ ಸುಮ್ಮನೆ ಎತ್ತು. ಹಾಗೆ ಪಾರಿವಾಳ ತೋರಿಸಲು ಎತ್ತಿದ ಒಂದು ಬೆಳಗ್ಗೆ ಒಳಗಿನದೆಲ್ಲ ಒಮ್ಮೆಲೇ ಕೆಳಗಿಳಿದಂತಾಗಿ ಅವಳು ಮಗುವನ್ನು ಹಿಡಿದುಕೊಂಡೇ ಗೋಡೆಗೆ ಒರಗಿ ನಿಂತುಬಿಟ್ಟಿದ್ದಳು. ಮಗಳು ನೋಡಿದಳು. ಅಲ್ಲಿಗೆ ಗುಟ್ಟು ರಟ್ಟಾಯಿತು.

"ಮೂರು ತಿಂಗಳು ತಾನೇ ಅಮ್ಮ?" ಅಂತ ಮಗಳು ಈಗ ಮನೆಗೆ ಬಂದ ಮೇಲೆ ಬೆನ್ನು ಹತ್ತಿದಳು.

"ಮೂರು ತಿಂಗಳಲ್ಲಿ ಅವಳಿಗೆ ಐದಾಗುತ್ತೆ. ಆಮೇಲೆ ಶಾಲೆ. ಆಮೇಲೆ ಎತ್ಕೋ ಅಂತ ನಾನೇ ಕಾಲು ಹಿಡಿದ್ರೂ ಬರಲ್ಲ ಅವಳು. ಎತ್ತಿಕೊಳ್ಳೋ ವಯಸ್ಸು ಅಂತ ಒಂದಿರುತ್ತೆ ಕಣೆ. ಅದು ಮುಗೀತು ಅಂದ್ರೆ ಮುಗೀತು."

"ಅದಕ್ಕೋಸ್ಕರ ಹೀಗೇ ಇರ್ತೀಯಾ?"

"ಇರ್ತೀನಿ."

ಜಪ್ಪಯ್ಯ ಅಂದರೂ ಅವಳು ಜಗ್ಗಲಿಲ್ಲ. ಮಗಳು ಬಾಗಿಲನ್ನು ಧಡಾರನೆ ಹಾಕಿಕೊಂಡು ಹೋದಳು. ಲಾಂಡ್ರಿಯಕ್ಕನಿಗೆ ತನ್ನ ಪರವಾಗಿ ಒಬ್ಬರಾದರೂ ಮಾತಾಡಬೇಕು ಅನ್ನಿಸಿತು. ಹಾಗೆ ಮಾತಾಡಬಹುದಾದವರು ಊರಲ್ಲಿ ಒಬ್ಬರೇ ಉಳಿದಿದ್ದರು: ಸೋಪಿನ ಚಿಕ್ಕಮ್ಮ.

ಚಿಕ್ಕಮ್ಮ ಅಂದರೆ ರಕ್ತಸಂಬಂಧವೇನಲ್ಲ. ಅಮ್ಮನ ಜೊತೆ ಲಾಂಡ್ರಿಯಲ್ಲಿ ಸೋಪಿನ ನೀರು ಕಲಸುತ್ತಿದ್ದವಳು. ಆಗ ಅಲ್ಲಿ ಅಮ್ಮನೂ ಸೇರಿ ಐದಾರು ಹೆಂಗಸರು. ಇಸ್ತ್ರಿ ದೊಡ್ಡಮ್ಮ ಅಂತ ಒಬ್ಬಳು ಇದ್ದಳು, ಅವಳು ನಕ್ಕರೆ ಬಾಯ್ಲರಿನ ಸದ್ದು ಕೇಳಿಸುತ್ತಿರಲಿಲ್ಲ. ಆ ಕೋಣೆಯಲ್ಲಿ ಸದಾ ಹಬೆ. ಒಳಗೆ ಬಂದವರು ಮೊದಲು ಕಾಣುತ್ತಿರಲಿಲ್ಲ, ಧ್ವನಿ ಮಾತ್ರ ಕೇಳುತ್ತಿತ್ತು, ಆಮೇಲೆ ನಿಧಾನಕ್ಕೆ ಮೂಗು, ಕೈ, ಮುಖ ಒಂದೊಂದಾಗಿ ಮೂಡುತ್ತಿದ್ದವು.

ಅಲ್ಲಿ ಎರಡು ಹೊತ್ತುಗಳೆಂದರೆ ಹುಡುಗಿಗೆ ಪ್ರಾಣ. ಒಂದು, ಶೀಟು ಮಡಚುವ ಹೊತ್ತು. ಒಣಗಿದ ಶೀಟಿನ ಒಂದು ಕಡೆಯ ಎರಡು ತುದಿ ಅಮ್ಮನ ಕೈಯಲ್ಲಿ, ಇನ್ನೊಂದು ಕಡೆಯದು ಅವಳ ಕೈಯಲ್ಲಿ. ಇಬ್ಬರೂ ಬಿಗಿಯಾಗಿ ಎಳೆದು ಜಾಡಿಸಿ, ಉದ್ದಕ್ಕೆ ಮಡಚಿ, ಆಮೇಲೆ ಒಬ್ಬರ ಕಡೆಗೊಬ್ಬರು ನಡೆದು ಬರಬೇಕು. ತನ್ನ ತುದಿಯನ್ನು ಅಮ್ಮನ ಕೈಗೆ ಸೇರಿಸುವಾಗ ಅಮ್ಮ ಶೀಟಿನ ಜೊತೆ ಅವಳ ಎರಡೂ ಕೈಗಳನ್ನು ಹಿಡಿದುಕೊಳ್ಳುವಳು. ಬಿಸಿಲಿಗೆ ಕಾದ ಬಟ್ಟೆ, ಅಮ್ಮನ ಒರಟು ಅಂಗೈ. ಒಂದು ಚೂರು ಹೊತ್ತು. ಆಮೇಲೆ, "ನಡಿ, ಇನ್ನೊಂದು," ಅಂತ ಬಿಟ್ಟುಬಿಡುವಳು. ಹುಡುಗಿ ಓಡಿ ಹೋಗಿ ಇನ್ನೊಂದು ಶೀಟು ತರುವಳು.

ಇನ್ನೊಂದು, ಗೋಡೆಯ ಹೊತ್ತು. ಮಧ್ಯಾಹ್ನ ಊಟವಾದ ಮೇಲೆ ಬಾಯ್ಲರ್ ಉರಿಸುವ ತಾತನನ್ನು ಹೊರಗೆ ಅಟ್ಟಿ ಬಾಗಿಲು ಹಾಕಿಕೊಂಡು ಹೆಂಗಸರೆಲ್ಲ ಸಾಲಾಗಿ ನೆಲದ ಮೇಲೆ ಅಂಗಾತ ಮಲಗುವರು. ಸೊಂಟದ ಕೆಳಗೆ ಮಡಚಿದ ಕಂಬಳಿ, ಎರಡೂ ಕಾಲು ಮೇಲೆ, ಹಿಮ್ಮಡಿ ಗೋಡೆಗೆ. ಹಾಗೆ ಮಲಗಿಕೊಂಡೇ ಮಾತು, ನಗು, ಡಾಕ್ಟರುಗಳ ನಡಿಗೆಯ ಅಣಕ, ಗಂಡಂದಿರ ಗೊರಕೆಯ ಅಣಕ. ಹುಡುಗಿಯೂ ನಡುವೆ ತೂರಿಕೊಂಡು ಕಾಲು ಮೇಲೆ ಮಾಡುವಳು. ಸುಣ್ಣದ ಗೋಡೆಯ ಮೇಲೆ ಹಿಮ್ಮಡಿಗಳ ಸಾಲು ಗುರುತು ಮೂಡಿ, ತುದಿಯಲ್ಲಿ ಒಂದು ಜೊತೆ ಪುಟ್ಟ ಗುರುತು ಅವಳದು. ಆ ಹೊತ್ತಿನ ಅವಳ ಮೊದಲ ನೆನಪೇ ಬ್ಯಾಂಡೇಜು ಸುತ್ತಿದ ತನ್ನ ಅಂಗಾಲು ಗೋಡೆಯ ಮೇಲೆ ಎಲ್ಲರ ಕಾಲಿನ ಪಕ್ಕ ಬೆಳ್ಳಗೆ ಕಂಡದ್ದು.

"ಯಾಕೆ ಹೀಗೆ ಮಲಗೋದು?" ಅಂತ ಅವಳು ಕೇಳಿದಾಗ ಇಸ್ತ್ರಿ ದೊಡ್ಡಮ್ಮ ಮುಖ ಗಂಭೀರ ಮಾಡಿ ಹೇಳಿದ್ದಳು: "ಈ ಗೋಡೆ ಬೀಳೋ ಹಾಗಿದೆ ಮಗಾ. ದಿನಾ ನಾವು ಒಂದಿಷ್ಟು ಹೊತ್ತು ಒದ್ದು ಹಿಡ್ಕೊಂಡಿಲ್ಲ ಅಂದ್ರೆ ಇಡೀ ಆಸ್ಪತ್ರೆ ಕೆಳಗೆ ಬರುತ್ತೆ." ಹುಡುಗಿ ಅದನ್ನು ಅಕ್ಷರಶಃ ನಂಬಿದಳು. ನನ್ನಮ್ಮ ಆಸ್ಪತ್ರೆಯನ್ನು ಕಾಲಲ್ಲಿ ಎತ್ತಿ ಹಿಡಿದಿದ್ದಾಳೆ ಅಂತ ತರಗತಿಯಲ್ಲಿ ಎದ್ದು ನಿಂತು ಹೇಳಿದಳು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳು ರಜೆಯ ದಿನವೂ ಗೋಡೆಯ ಚಿಂತೆ ಮಾಡುತ್ತಿದ್ದಳು.

ಈಗ ಆ ಕೋಣೆ ಮುರಿದ ಮಂಚಗಳ ಉಗ್ರಾಣವಾಗಿದೆ. ಹೊಸ ಲಾಂಡ್ರಿಯಲ್ಲಿ ಯಂತ್ರಗಳೇ ಒಗೆದು, ಹಿಂಡಿ, ಒಣಗಿಸುತ್ತವೆ. ಹೆಂಗಸರು ಒಬ್ಬೊಬ್ಬರೇ ಯಂತ್ರದ ಮುಂದೆ ಕಿವಿಗೆ ಹತ್ತಿ ತುರುಕಿಕೊಂಡು ನಿಲ್ಲುತ್ತಾರೆ. ಕೆಲಸ ಹಗುರವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದರೂ ಮಧ್ಯಾಹ್ನದ ಹೊತ್ತಿಗೆ ಲಾಂಡ್ರಿಯಕ್ಕನಿಗೆ ಆ ಹಳೆಯ ನಗು ನೆನಪಾಗುತ್ತದೆ.

ಸೋಪಿನ ಚಿಕ್ಕಮ್ಮ ಪೇಟೆಯ ಹಿಂದಿನ ಬೀದಿಯಲ್ಲಿ, ಕೊಡೆ ರಿಪೇರಿ ಅಂಗಡಿಯ ಪಕ್ಕದ ಒಂಟಿ ಕೋಣೆಯಲ್ಲಿದ್ದಳು. ಕಣ್ಣು ಮಂಜು, ಕಿವಿ ಚುರುಕು, ನಾಲಿಗೆ ಅದಕ್ಕಿಂತ ಚುರುಕು. ಲಾಂಡ್ರಿಯಕ್ಕ ಬ್ರೆಡ್ಡು, ಬೆಣ್ಣೆ ಮುಂದಿಟ್ಟು ಕೂತಳು.

"ಕೂರೋ ರೀತಿಯಲ್ಲೇ ಗೊತ್ತಾಯ್ತು," ಎಂದಳು ಚಿಕ್ಕಮ್ಮ. "ನಿಂಗೂ ಇಳಿದಿದೆ."

ಲಾಂಡ್ರಿಯಕ್ಕ ತಬ್ಬಿಬ್ಬಾದಳು. "ನಿಂಗೂ ಅಂದ್ರೆ?"

"ಅಂದ್ರೆ ನಂಗೆ, ಇಸ್ತ್ರಿಯವಳಿಗೆ, ನಿಮ್ಮಮ್ಮಂಗೆ. ಆ ಕೋಣೇಲಿ ಇಳೀದೆ ಇದ್ದದ್ದು ಯಾರಿಗೆ? ನಾವು ಕಾಲು ಮೇಲೆ ಮಾಡ್ಕೊಂಡು ಮಲಗ್ತಿದ್ದದ್ದು ಮೋಜಿಗೆ ಅಂದ್ಕೊಂಡಿದ್ಯಾ?"

ಅಷ್ಟು ವರ್ಷ ಅದೇ ಆಸ್ಪತ್ರೆಯಲ್ಲಿ ಇದ್ದು, ಸ್ವಂತ ಮೈಗೇ ಅದೇ ಕಾಯಿಲೆ ಬಂದು, ಸಂಜೆ ಮನೆಯಲ್ಲಿ ಮಲಗಿ ತಾನೂ ದಿಂಬಿನ ಮೇಲೆ ಸೊಂಟ ಏರಿಸಿಕೊಂಡರೂ ಲಾಂಡ್ರಿಯಕ್ಕನಿಗೆ ಅದು ಹೊಳೆದಿರಲಿಲ್ಲ. ಆ ಹೊತ್ತಿನ ನೆನಪು ಅಷ್ಟು ಸಿಹಿಯಾಗಿತ್ತು. ಅದರೊಳಗೆ ನೋವಿಗೆ ಜಾಗವಿದೆ ಅಂತ ಯಾರು ಎಣಿಸುತ್ತಾರೆ?

"ಮೊದ್ಲು ಒಬ್ಬರಿಗೊಬ್ಬರು ಹೇಳ್ಕೊಂಡಿರಲಿಲ್ಲ ಕಣೆ," ಚಿಕ್ಕಮ್ಮ ಬ್ರೆಡ್ಡು ಮುರಿದಳು. "ನಾಚಿಕೆ. ಅವರವರ ಬಟ್ಟೆಯೊಳಗೆ ಅವರವರು ಬಿಗಿಯಾಗಿ ಕಟ್ಕೊಂಡು ದುಡೀತಿದ್ವಿ. ಗುಟ್ಟು ಹೊರಗೆ ಬಂದದ್ದು ನಿಮ್ಮಮ್ಮ ನಿನ್ನನ್ನ ಶಾಲೆಯಿಂದ ಹೊತ್ತುಕೊಂಡು ಬಂದ ದಿನ."

"ಗಾಜು ಚುಚ್ಚಿದ ದಿನವಾ?"

"ಅದೇ. ನಿನ್ನನ್ನ ಶೀಟಿನ ರಾಶಿ ಮೇಲೆ ಕೂರಿಸಿ ಬಾಯ್ಲರ್ ಹಿಂದೆ ಹೋದಳು. ಎಷ್ಟು ಹೊತ್ತಾದ್ರೂ ಬರಲಿಲ್ಲ. ನಾನು ಹೋಗಿ ನೋಡ್ತೀನಿ, ಗೋಡೆ ಹಿಡ್ಕೊಂಡು ಕೂತಿದಾಳೆ, ಮುಖ ಸುಣ್ಣ. ಪೂರ್ತಿ ಹೊರಗೆ ಬಂದುಬಿಟ್ಟಿತ್ತು. ನಾನೂ ಇಸ್ತ್ರಿಯವಳೂ ಸೇರಿ ಮಲಗಿಸಿ, ಕಾಲು ಗೋಡೆಗೆ ಏರಿಸಿ, ಒದ್ದೆ ಬಟ್ಟೇಲಿ ನಿಧಾನಕ್ಕೆ ಒಳಗೆ ತಳ್ಳಿದ್ವಿ. ಆಗ ಇಸ್ತ್ರಿಯವಳು ಮೆಲ್ಲಗೆ, 'ನಂದೂ ಹೀಗೇ' ಅಂದಳು. ನಾನು 'ನಂದೂ' ಅಂದೆ. ಒಬ್ಬೊಬ್ಬರೇ ಅವಳ ಪಕ್ಕ ಮಲಗಿದ್ವಿ. ಕಾಲಿಗೆ ಬ್ಯಾಂಡೇಜು ಕಟ್ಟಿಸ್ಕೊಂಡು ನೀನೂ ಕುಂಟ್ಕೊಂಡು ಬಂದೆ. ನಮ್ಮನ್ನ ನೋಡಿ ನೀನೂ ಮಲಗಿ ಕಾಲೆತ್ತಿದೆ. ಅಳ್ತಿದ್ದವರೆಲ್ಲ ನಕ್ಕುಬಿಟ್ವಿ."

ಹೊರಗೆ ಕೊಡೆ ರಿಪೇರಿಯವನು ತಂತಿ ಬಡಿಯುತ್ತಿದ್ದ. ಲಾಂಡ್ರಿಯಕ್ಕನ ಕಿವಿಯಲ್ಲಿ ಬೇರೆ ಸದ್ದು: ಹುಸ್ ಹುಸ್ ಎಂಬ ಅಮ್ಮನ ಉಸಿರು. ಆ ಸದ್ದಿಗೇ ತನಗೆ ನಿದ್ದೆ ಎಳೆದಿತ್ತು. ಸೇತುವೆಯ ಮೇಲೆ ಅಮ್ಮ ಒಂದು ಗಳಿಗೆ ನಿಂತದ್ದು ಈಗ ನೆನಪಾಯಿತು. ನದಿ ನೋಡಲು ನಿಂತಳು ಅಂದುಕೊಂಡಿದ್ದಳು.

"ನನ್ನಿಂದ ಆಯ್ತು ಹಾಗಾದ್ರೆ," ಅಂದಳು.

"ಎಲ್ಲಾನೂ ನಿನ್ನ ತಲೆ ಮೇಲೆ ಹಾಕ್ಕೋಬೇಡ, ನೀನೇನು ಅಷ್ಟು ದೊಡ್ಡ ಮನುಷ್ಯಳಲ್ಲ," ಅಂತ ಚಿಕ್ಕಮ್ಮ ಗದರಿದಳು. "ನೀನು ಹುಟ್ಟಿದಾಗಲೇ ಅವಳಿಗೆ ಸಡಿಲ ಆಗಿತ್ತು. ಹೆರಿಗೆ ಆಗಿ ಸರಿಯಾಗಿ ಮೈ ಮಾಗೋ ಮೊದ್ಲೇ ಗಂಟು ಹೊರೋಕೆ ಬಂದಳು. ಗಂಟು ಬಿಡೋ ಹಾಗಿರಲಿಲ್ಲ, ಅದು ಅನ್ನ. ಬಿಡೋಕೆ ಅಂತ ಅವಳ ಕೈಲಿ ಇದ್ದದ್ದು ಒಂದೇ, ನಿನ್ನ ಎತ್ತೋದು. ಅದನ್ನ ಬಿಟ್ಟಳು. ನೀನು ಕೈ ಎತ್ಕೊಂಡು ನಿಂತಾಗೆಲ್ಲ ಅವಳ ಮುಖ ನಾನು ನೋಡಿದೀನಿ, ನೀನು ನೋಡಿಲ್ಲ."

"ಹೇಳಬಹುದಿತ್ತಲ್ಲ ಚಿಕ್ಕಮ್ಮ. ದೊಡ್ಡವಳಾದ ಮೇಲಾದ್ರೂ ಹೇಳಬಹುದಿತ್ತು. ನಾನು ಏನೇನೋ ಅಂದ್ಕೊಂಡೆ. ಸಾಯೋವರೆಗೂ ಅಂದ್ಕೊಂಡೇ ಇದ್ದೆ."

"ಏನಂತ ಹೇಳ್ತಾಳೆ? ನಿನ್ನ ಹೊತ್ತು ತಂದದ್ದಕ್ಕೆ ಹೀಗಾಯ್ತು ಅಂತ ಮಗಳ ಮುಂದೆ ಹೇಳೋಕಾಗುತ್ತಾ? ನೀನು ಆ ದಿನದ ಕಥೇನ ಎಲ್ಲರಿಗೂ ಕುಣ್ಕೊಂಡು ಕುಣ್ಕೊಂಡು ಹೇಳ್ತಿದ್ದೆ." ಚಿಕ್ಕಮ್ಮನ ಧ್ವನಿ ತಗ್ಗಿತು. "ಒಂದ್ಸಲ ಗೋಡೆ ಹೊತ್ತಲ್ಲಿ ನಾನೇ ಕೇಳಿದೆ, ಅವತ್ತು ಯಾಕೆ ಹೊತ್ತೆ, ಯಾರನ್ನಾದ್ರೂ ಕಳಿಸಬಹುದಿತ್ತಲ್ಲ ಅಂತ. ಅವಳೇನಂದಳು ಗೊತ್ತಾ? 'ಎತ್ಕೊಳ್ಳೋಕೆ ಒಂದು ನೆಪ ಸಿಕ್ಕಿತಲ್ಲ ಅಂತ ಖುಷಿಯಿಂದ ಓಡಿದೆ ಕಣೆ. ಅವಳು ನನ್ನ ಕತ್ತು ತಬ್ಬಿದ್ದು ಇನ್ನೂ ಹಾಗೇ ಇದೆ' ಅಂದಳು."

ಲಾಂಡ್ರಿಯಕ್ಕ ಅತ್ತಳು. ಚಿಕ್ಕಮ್ಮ ಸಮಾಧಾನ ಮಾಡುವ ಗೋಜಿಗೆ ಹೋಗಲಿಲ್ಲ, ಬೆಣ್ಣೆ ಹಚ್ಚಿಕೊಂಡು ಬ್ರೆಡ್ಡು ತಿಂದಳು. ಅಳು ಒಂದು ಹದಕ್ಕೆ ಬಂದ ಮೇಲೆ, "ಈಗ ಅದಕ್ಕೆ ಏನೋ ಬಲೆ ಹಾಕಿ ಮೇಲೆ ಕಟ್ತಾರಂತೆ, ಹೌದಾ?" ಅಂತ ಕೇಳಿದಳು.

"ಹೌದು. ನಾನು ಬೇಡ ಅಂದೆ. ಮಗು ಎತ್ತೋ ಹಾಗಿಲ್ವಂತೆ."

"ನಮ್ಮ ಕಾಲಕ್ಕೆ ಗೋಡೆ ಬಿಟ್ರೆ ಬೇರೇನೂ ಇರಲಿಲ್ಲ," ಎಂದಳು ಚಿಕ್ಕಮ್ಮ. "ಕೇಳೋಕೂ ಬಾಯಿ ಇರಲಿಲ್ಲ. ನಿಂಗೆ ಎರಡೂ ಇದೆ. ಎತ್ತೋಕಾಗಲ್ಲ ಅನ್ನೋದೇನೂ ದೊಡ್ಡದಲ್ಲ. ಯಾಕೆ ಅಂತ ಆ ಮಗೂಗೆ ಹೇಳದೆ ಇದ್ರೆ, ಅದು ನೋಡು ಕೆಟ್ಟದ್ದು."

ಮಾರನೆಯ ದಿನ ಲಾಂಡ್ರಿಯಕ್ಕ ಮೂರನೆಯ ಮಹಡಿಗೆ ಹೋಗಿ, "ಆ ಬಟ್ಟೆ ಇನ್ನೂ ಇದ್ಯಾ, ಬೇರೆಯವರಿಗೆ ಕೊಟ್ಟುಬಿಟ್ರಾ?" ಅಂತ ಕೇಳಿದಳು.

ಆಪರೇಷನ್ನಿನ ದಿನ ಲಾಂಡ್ರಿಯ ಹುಡುಗಿಯರು ಹಸಿರು ಬಟ್ಟೆಗಳನ್ನು ಎಂದಿಗಿಂತ ಹೆಚ್ಚು ನಯವಾಗಿ ಇಸ್ತ್ರಿ ಮಾಡಿ ಕಳಿಸಿದ್ದರು. ಮೇಜಿನ ಮೇಲೆ ಮಲಗಿ ಅವಳು ಹೊದಿಕೆಯ ಅಂಚನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿದಳು. ಸೋಪು ಸ್ವಲ್ಪ ಹೆಚ್ಚಾಗಿದೆ ಅನ್ನಿಸಿತು. ಹೇಳಬೇಕು ಅಂದುಕೊಳ್ಳುವಷ್ಟರಲ್ಲಿ ಅರಿವಳಿಕೆ ಏರಿ ಕಣ್ಣು ಮುಚ್ಚಿತು. ಅವಳ ಕಾಲುಗಳನ್ನು ಮೇಲೆತ್ತಿ ಪಟ್ಟಿಗಳಲ್ಲಿ ಇಡುತ್ತಿದ್ದದ್ದು ಮಾತ್ರ ಮಸುಕು ಮಸುಕಾಗಿ ಗೊತ್ತಾಯಿತು. ಇಸ್ತ್ರಿ ದೊಡ್ಡಮ್ಮ ಎಲ್ಲೋ ಪಕ್ಕದಲ್ಲೇ ನಗುತ್ತಿದ್ದ ಹಾಗಿತ್ತು.

ಮನೆಗೆ ಬಂದ ದಿನ ಬಾಗಿಲಲ್ಲೇ ಚಿನಕುರುಳಿ ಎರಡೂ ಕೈ ಎತ್ತಿ ನಿಂತಿತ್ತು. ಮಗಳು ಹಿಂದಿನಿಂದ ಗಡಿಬಿಡಿಯಲ್ಲಿ, "ನೀನೀಗ ದೊಡ್ಡವಳಾದೆ ಪುಟ್ಟಿ," ಅನ್ನಹೊರಟಳು. ಲಾಂಡ್ರಿಯಕ್ಕ ತಟ್ಟನೆ ಕೈ ಅಡ್ಡ ಹಿಡಿದಳು.

"ಸುಳ್ಳು ಹೇಳಬೇಡ ಅವಳಿಗೆ," ಅಂದಳು. ಆಮೇಲೆ ನಿಧಾನಕ್ಕೆ ಕುರ್ಚಿಯಲ್ಲಿ ಕೂತು ಮಗುವಿನ ಮುಖಕ್ಕೆ ಮುಖ ಕೊಟ್ಟಳು. "ನೀನು ಇನ್ನೂ ಚಿಕ್ಕವಳೇ. ನಂಗೆ ನಿನ್ನ ಎತ್ಕೋಬೇಕು ಅಂತ ತುಂಬ ಆಸೆ ಇದೆ. ಆದ್ರೆ ಆಗಲ್ಲ. ಅಜ್ಜಿ ಹೊಟ್ಟೆ ಒಳಗಿನ ಚೀಲ ಜಾರಿ ಕೆಳಗೆ ಬರ್ತಿತ್ತು. ಡಾಕ್ಟರಮ್ಮ ಒಂದು ಬಲೆ ಹಾಕಿ ಮೇಲಕ್ಕೆ ಕಟ್ಟಿದಾರೆ. ಭಾರ ಎತ್ತಿದ್ರೆ ಹೊಲಿಗೆ ಬಿಚ್ಚುತ್ತೆ."

ಮಗು ಕೈ ಇಳಿಸಲಿಲ್ಲ. "ನಾನು ಭಾರ ಇಲ್ಲ," ಅಂದಿತು.

"ನೀನು ಭಾರ ಅಲ್ಲ. ನನ್ನ ಹೊಲಿಗೆ ಹಸಿ."

"ನಾಳೆ ಎತ್ಕೋತೀಯಾ?"

"ನಾಳೇನೂ ಇಲ್ಲ. ಇನ್ಮೇಲೆ ಬಹುಶಃ ಎತ್ಕೊಳ್ಳೋದೇ ಇಲ್ಲ."

ಮಗು ಭೋರೆಂದು ಅತ್ತಿತು. ನೆಲದ ಮೇಲೆ ಬಿದ್ದು ಹೊರಳಾಡಿ, ಆ ಬಲೆ ಹರಿದು ಬಿಸಾಕು ಅಂತ ರಂಪ ಮಾಡಿತು. ಲಾಂಡ್ರಿಯಕ್ಕ ನೋಡುತ್ತ ಕೂತಳು. ತನ್ನಮ್ಮ ಈ ನೋಟವನ್ನು ದಿನಾ ನೋಡಿದ್ದಾಳೆ, ಅದೂ ಬಾಯಿ ಕಟ್ಟಿಕೊಂಡು ನೋಡಿದ್ದಾಳೆ ಅನ್ನುವುದು ಅವಳಿಗೆ ಆಗ ಸರಿಯಾಗಿ ಅರ್ಥವಾಯಿತು.

ಎರಡು ದಿನ ಮಗು ಅಜ್ಜಿಯ ಹತ್ತಿರ ಸುಳಿಯಲಿಲ್ಲ. ಮೂರನೆಯ ದಿನ ಮಧ್ಯಾಹ್ನ ಲಾಂಡ್ರಿಯಕ್ಕ ದಿಂಬಿನ ಮೇಲೆ ಕಾಲಿಟ್ಟು ಮಲಗಿದ್ದಾಗ ಬಂದು ಪಕ್ಕದಲ್ಲಿ ಮಲಗಿ, ಗೋಡೆಗೆ ಕಾಲು ಏರಿಸಿತು. "ನಂಗೂ ಬಲೆ ಹಾಕಿದಾರೆ," ಅಂತ ಬಿಗುಮಾನದಿಂದ ಹೇಳಿತು. ಲಾಂಡ್ರಿಯಕ್ಕ ನಗಲಿಲ್ಲ, ಗಂಭೀರವಾಗಿ ವಿಚಾರಿಸಿದಳು: ನೋಯುತ್ತಾ? ಸ್ವಲ್ಪ ನೋಯುತ್ತೆ, ಅಂದಿತು ಮಗು. ಹಾಗೆ ಇಬ್ಬರೂ ತುಂಬ ಹೊತ್ತು ಮಲಗಿದ್ದರು. ಮುತ್ತಜ್ಜಿ ಆಸ್ಪತ್ರೆಯ ಗೋಡೆ ಹಿಡಿದು ನಿಲ್ಲಿಸಿದ ಕಥೆ ಅವತ್ತು ಶುರುವಾಯಿತು. ಈ ಸಲ ಅವಳು ಅದನ್ನು ಪೂರ್ತಿಯಾಗಿ ಹೇಳಿದಳು, ಬಾಯ್ಲರಿನ ಹಿಂದಿನ ಭಾಗವನ್ನೂ ಬಿಡಲಿಲ್ಲ.

ಹೊಲಿಗೆ ಮಾಗಿ, ಮನೆಯೊಳಗೆ ಓಡಾಡುವಷ್ಟಾದ ಮೇಲೆ ಒಂದು ದಿನ ಮಗಳು ಒಣಗಿದ ಬಟ್ಟೆಗಳನ್ನು ತಂದು ಮಂಚದ ಮೇಲೆ ಸುರಿದು ಒಳಗೆ ಹೋದಳು. ಲಾಂಡ್ರಿಯಕ್ಕ ಒಂದು ಶೀಟಿನ ತುದಿ ಹಿಡಿದು ಇನ್ನೊಂದು ತುದಿಯನ್ನು ಮಗುವಿನ ಕೈಗೆ ಕೊಟ್ಟಳು. ಎಳೆ ಅಂದಳು, ಎಳೆಯಿತು. ಜಾಡಿಸು ಅಂದಳು, ಜಾಡಿಸಿತು. ಉದ್ದಕ್ಕೆ ಮಡಚಿದ ಮೇಲೆ, "ಈಗ ನಡ್ಕೊಂಡು ನನ್ನ ಹತ್ರ ಬಾ," ಅಂದಳು.

ಮಗು ಶೀಟಿನಲ್ಲಿ ಅರ್ಧ ಮುಳುಗಿಕೊಂಡು ನಡೆದು ಬಂತು. ತುದಿಗಳನ್ನು ಅಜ್ಜಿಯ ಕೈಗೆ ಸೇರಿಸಿತು. ಬಿಸಿಲಿಗೆ ಕಾದ ಬಟ್ಟೆಯ ಜೊತೆ ಆ ಪುಟ್ಟ ಕೈಗಳೂ ಅವಳ ಅಂಗೈಯೊಳಗೆ ಬಂದವು. ಲಾಂಡ್ರಿಯಕ್ಕನ ಕೈ ತಾನಾಗಿಯೇ ಮುಚ್ಚಿಕೊಂಡಿತು.

ಅಮ್ಮನ ಕೈ ಹೀಗೆಯೇ ಮುಚ್ಚಿಕೊಳ್ಳುತ್ತಿತ್ತು. ಪ್ರತಿ ಶೀಟಿಗೂ. ಎತ್ತಿಕೊಳ್ಳಲಿಲ್ಲ, ಎತ್ತಿಕೊಳ್ಳಲಿಲ್ಲ ಅಂತ ತಾನು ಲೆಕ್ಕ ಹಿಡಿದ ಅಷ್ಟೂ ವರ್ಷ ಅಮ್ಮ ದಿನವೂ ತನ್ನನ್ನು ಹಿಡಿದುಕೊಂಡೇ ಇದ್ದಳು.

"ಅಜ್ಜಿ, ಬಿಡು," ಅಂದಿತು ಮಗು, ಮಂಚದ ಕಡೆ ನೋಡುತ್ತ. "ಇನ್ನೂ ಇದೆ."

"ಇರಲಿ," ಅಂದಳು ಲಾಂಡ್ರಿಯಕ್ಕ. ಅವಳು ಬಿಡಲಿಲ್ಲ.